ಅಂಗಾತ ಮಲಗಿದ್ದ ಜೇಡ

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ
೧೮ ಫೆಬ್ರವರಿ ೨೦೨೫

ಕೊಟ್ಟೂರೇಶ್ ಅವರಿಗೆ ನಯನಾಳ ನಮಸ್ಕಾರ.

ಎಂದಿನಂತೆ ‘ರೀ’ ಎಂದು ಶುರು ಮಾಡಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳಲು ಎರಡು ಸಲ ಹೋದೆ, ಬಾಯೂ ಬರಲಿಲ್ಲ. ಅದಕ್ಕೇ ಈ ಪತ್ರ.

ಕಳೆದ ವರ್ಷ ಮನೆ ಬಿಟ್ಟು ಹರಿಹರದ ನಿಮ್ಮ ಅಕ್ಕನ ಮನೆಗೆ ಹೋದಾಗ ನೀವು ಬಟ್ಟೆ ಮಾತ್ರ ಒಯ್ದಿರಿ. ಜೇಡ ಒಳಗೆ ಬಂದರೆ ತಾನು ಹೊರಗೆ ಹೋಗುತ್ತೇನೆ ಎಂದು ಮರುಳಸಿದ್ದಮ್ಮಕ್ಕ ಹಟ ಹಿಡಿದಿದ್ದರಿಂದ ನೀವು ಸಾಕಿದ್ದ ಟರಾಂಟುಲಾ ಜೇಡದ ಮರಿ ನನ್ನ ಪಾಲಿಗೆ ಉಳಿಯಿತು. ಆಗ ಕಡಲೆಕಾಳಿನಷ್ಟಿತ್ತು. ಡಬ್ಬಿಯ ಮುಚ್ಚಳ ತೆಗೆಯಲೂ ನನಗೆ ಹೆದರಿಕೆ. ಆಮೇಲೆ ನಿಮ್ಮ ನೋಟ್‌ಬುಕ್ ಓದಿ ಕಲಿತೆ. ತೆಂಗಿನ ನಾರಿನ ಪುಡಿ ಒಂದು ಮೂಲೆಯಲ್ಲಿ ಮಾತ್ರ ತೇವವಾಗಿರಬೇಕು. ಮಿಡತೆಯ ಕಾಲು ಮುರಿದು ಹಾಕಬೇಕು, ತಿನ್ನದೆ ಬಿಟ್ಟದ್ದನ್ನು ಮರುದಿನ ತೆಗೆಯಬೇಕು. ತಿನ್ನುವುದನ್ನೇ ಬಿಟ್ಟು ಬಿಲದ ಬಾಯಿಗೆ ಬಲೆ ನೇಯ್ದುಕೊಂಡರೆ ಕಾಯಿಲೆ ಎಂದು ಗಾಬರಿಯಾಗಬಾರದು, ಪೊರೆ ಬಿಡುವ ಕಾಲ ಬಂದಿದೆ ಅಷ್ಟೇ.

ವಾರಕ್ಕೊಮ್ಮೆ ಫೋನ್ ಮಾಡಿ ‘ತಿಂತಾ?’ ಎಂದು ಕೇಳುತ್ತಿದ್ದಿರಿ. ನನ್ನ ಊಟದ ಬಗ್ಗೆ ಕೇಳಲು ನಿಮಗೆ ಆರು ತಿಂಗಳು ಹಿಡಿಯಿತು. ಕೊನೆಗೆ ಜನವರಿಯಲ್ಲಿ, ‘ಅಕ್ಕ ಒಪ್ಪ್ಯಾಳೆ, ಭಾನುವಾರ ಜೇಡ ಒಯ್ಯಾಕೆ ಬರ್ತೀನಿ. ಹಂಗೇ ಕುಂತು ಮಾತಾಡಾಣ. ಮತ್ತೆ ಕೂಡಿ ಇರಾಕೆ ಆಗತ್ತಾ ನೋಡಾಣ’ ಎಂದಿರಿ.

ಆ ಭಾನುವಾರ ಬೆಳಿಗ್ಗೆ ಅದು ಕಾಲು ಮೇಲೆ ಮಾಡಿ ಅಂಗಾತ ಮಲಗಿತ್ತು. ಸಾಯುವ ಜೇಡ ಹಾಗೆ ಮಲಗುವುದಿಲ್ಲ, ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿ ಮುದುಡುತ್ತದೆ, ಇದು ಪೊರೆ ಕಳಚಲು ಮಲಗಿದ್ದು ಎಂದು ನನಗೆ ಗೊತ್ತಿತ್ತು. ಪೊರೆ ಕಳಚುವಾಗ ಡಬ್ಬಿ ಅಲುಗಿಸಲೇಬಾರದು ಎಂದು ನೀವು ಎರಡು ಗೆರೆ ಎಳೆದು ಬರೆದದ್ದೂ ಗೊತ್ತಿತ್ತು. ಪೊರೆ ಕಳಚುವುದನ್ನು ನೀವು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲವಲ್ಲ, ಬಂದ ಕೂಡಲೇ ತೋರಿಸಬೇಕೆಂದು ಡಬ್ಬಿಯ ಮುಂದೆ ಎರಡು ಕುರ್ಚಿ ಹಾಕಿಟ್ಟೆ.

ಬಂದದ್ದು ಅಕ್ಕ. ‘ಅವ್ನು ಬರಂಗಿಲ್ಲಂತೆ ಕಣವ್ವಾ, ಡಬ್ಬಿ ಅಷ್ಟೇ ಇಸ್ಕಂಡು ಬಾ ಅಂದ’ ಎಂದರು. ಒಳಗೆ ಇಣುಕಿ, ‘ಸತ್ತೈತೇನು ಇದು?’ ಎಂದು ಹಿಂದೆ ಸರಿದರು.

‘ಇಲ್ರಿ ಅಕ್ಕಾರೆ, ಮಲಗೈತೆ. ತಗೊಂಡು ಹೋಗ್ರಿ’ ಎಂದು ಡಬ್ಬಿಯನ್ನು ಚೀಲಕ್ಕೆ ಹಾಕಿ ಕೊಟ್ಟೆ.

ನಾಳೆ ಬನ್ನಿ ಎನ್ನಬಹುದಿತ್ತು. ಅನ್ನಲಿಲ್ಲ. ನಿಮಗೆ ನೋವಾಗಲಿ ಅನ್ನಿಸಿತ್ತು.

ಮರುದಿನ ಅಳುತ್ತ ಫೋನ್ ಮಾಡಿದಿರಿ. ಅರ್ಧ ಪೊರೆಯಲ್ಲೇ ಸಿಕ್ಕಿಕೊಂಡಿತ್ತಂತೆ. ಒದ್ದೆ ಕುಂಚದಿಂದ ಬಿಡಿಸಲು ಹೋದಾಗ ಎರಡು ಕಾಲು ಕಿತ್ತು ಬಂದವಂತೆ, ಸಂಜೆಗೆ ಸತ್ತಿತಂತೆ. ‘ನಿನ್ನೆ ನಾನೂ ಬಂದಿದ್ದೆ ನಯನಾ, ತಿರುವಿನಾಗ ಗಾಡಿ ಮ್ಯಾಲೆ ಕುಂತಿದ್ದೆ. ಮನೆಗೆ ಬರಾಕೆ ಧೈರ್ಯ ಆಗ್ಲಿಲ್ಲ. ಇಷ್ಟು ಸಣ್ಣ ಜೀವ ನನ್ನ ಕೈಯಾಗ ಉಳೀಲಿಲ್ಲ, ನಿನ್ನ ಹೆಂಗೆ ನೋಡ್ಕಳ್ಳಿ? ಬ್ಯಾಡ, ಬಿಡು’ ಎಂದಿರಿ.

ಡಬ್ಬಿ ಕೊಡುವಾಗ ಹೇಗಿತ್ತು ಎಂದು ಕೇಳಿದಿರಿ. ಚೆನ್ನಾಗೇ ಇತ್ತು ಎಂದೆ.

ನೀವು ಕುಂಚ ಮುಟ್ಟಿಸುವ ಮೊದಲೇ ಅದು ಕೆಟ್ಟಿತ್ತು. ಹರಿಹರದವರೆಗೆ ದಾರಿಯಲ್ಲಿ ಕುಲುಕಿದರೆ ಏನಾಗುತ್ತದೆ ಎಂದು ಗೊತ್ತಿದ್ದೇ ನಾನು ಕೊಟ್ಟೆ. ಇದನ್ನು ಓದಿ ನೀವು ವಾಪಸ್ ಬರುತ್ತೀರಿ ಎಂದುಕೊಂಡಿಲ್ಲ. ಬನ್ನಿ ಎಂದು ಯಾವ ಬಾಯಲ್ಲಿ ಕೇಳಲಿ? ನಿಮ್ಮಿಂದ ಅದು ಸತ್ತಿತು ಎಂದು ಮಾತ್ರ ಕೊರಗಬೇಡಿ.

ನಯನಾ

ಮ.ವಿ.: ನೀವು ಕಳಿಸಿದ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ಈ ಪತ್ರದ ಹಿಂದೆ ಪಿನ್ ಮಾಡಿದ್ದೇನೆ. ಇದನ್ನು ಓದಿದ ಮೇಲೆ ದಯವಿಟ್ಟು ಫೋನ್ ಮಾಡಬೇಡಿ. ಮಾಡಿದರೆ ನಾನು ಎತ್ತಿಬಿಡುತ್ತೇನೆ.