ಹಳದಿ ಬಾತುಕೋಳಿಗೆ ಕೆಲಸ ಸಿಕ್ಕಿತು

ಜೂನ್ ೧೪, ಮಂಗಳವಾರ

ನಮ್ಮ ಜಲ ಸಂಶೋಧನಾ ಸಂಸ್ಥೆಯ ಅಷ್ಟೂ ತೊಟ್ಟಿಗಳ ನೀರು ಸುರಿದರೂ ಇವತ್ತು ನನ್ನ ಹೊಟ್ಟೆಕಿಚ್ಚು ಆರುವಂಥದ್ದಲ್ಲ.

ಅಂಗಳದಷ್ಟು ಜಾಗದಲ್ಲಿ ಸಿಮೆಂಟಿನಿಂದ ಕಟ್ಟಿ ನೀರು ಹರಿಸುವ ಆ ಬಂದರಿನ ಮಾದರಿಯ ಹೊಣೆ ನನಗೆ ಸಿಗಬೇಕಿತ್ತು. ಸಾಹೇಬರು ಪಕ್ಕದ ಮೇಜಿನ ಸೋಡಾಬುಡ್ಡಿಗೆ ಕೊಟ್ಟರು. ನಾನೂ ಅವನೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಆದರೆ ಅವನು ಕನ್ನಡಕ ಒರೆಸಿದರೂ ಸಾಹೇಬರ ಕಣ್ಣಿಗೆ ಅದು ಸಂಶೋಧನೆ.

ಇವತ್ತು ಅವರು ಮಾದರಿ ನೋಡಲು ಬರುವವರಿದ್ದರು. ಲೋಕಕಲ್ಯಾಣಾರ್ಥವಾಗಿ ನಾನು ಅಕ್ಕನ ಮಗಳ ಪ್ಲಾಸ್ಟಿಕ್ ಬಾತುಕೋಳಿಯನ್ನು ಅದರಲ್ಲಿ ತೇಲಿಬಿಟ್ಟೆ. ಎಲ್ಲರೂ ನಗಬೇಕು, ಅವನ ಮುಖ ಇಂಗು ತಿಂದ ಮಂಗನಂತಾಗಬೇಕು, ಇಷ್ಟೇ ಸಂಕಲ್ಪ.

ಬಾತು ಅಲೆತಡೆ ಗೋಡೆಯ ತುದಿಗೆ ಹೋಗಿ ಅಲ್ಲೇ ಗಿರಗಿರನೆ ಸುತ್ತತೊಡಗಿತು. ಸಾಹೇಬರು ನಗಲಿಲ್ಲ, ಬಗ್ಗಿ ನೋಡಿದರು.

“ಅಯ್ಯೋ, ಇಲ್ಲಿ ಸುಳಿ ಇದೆಯಲ್ಲಯ್ಯಾ! ಹಡಗು ಬಂದರೆ ನೇರ ಗೋಡೆಗೇ ಬಡಿಯುತ್ತೆ. ಭಲೇ ಉಪಾಯ ಮಾಡಿದ್ದೀಯ!” ಎಂದು ಸೋಡಾಬುಡ್ಡಿಯ ಬೆನ್ನು ತಟ್ಟಿದರು.

“ನಾನಲ್ಲ ಸಾರ್, ಇದನ್ನ ಯಾರೋ ಬಿಟ್ಟಿದ್ದಾರೆ.”

“ಇರಲಿ, ಇರಲಿ, ಇಷ್ಟು ಸಂಕೋಚ ಯಾಕೆ?”

ಬುದ್ಧಿವಂತಿಕೆಯ ಜೊತೆಗೆ ವಿನಯವೂ ಅವನ ಖಾತೆಗೇ ಹೋಯಿತು. ನಾನು ಬಾಯಿ ಬಿಟ್ಟರೆ ಕಿಡಿಗೇಡಿ, ಬಿಡದಿದ್ದರೆ ದಂಡಪಿಂಡ. ಬಿಡಲಿಲ್ಲ. ಬಾತಿನ ಬೆನ್ನಿಗೆ ನಂಬರು ಬರೆದು ಉಪಕರಣಗಳ ಕಪಾಟಿಗೆ ಸೇರಿಸಿದರು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಪುಟ್ಟಿ ಕೇಳಿದಳು, “ಮಾಮಾ, ನನ್ ಬಾತು ಎಲ್ಲಿ?”

“ಕೆಲಸಕ್ಕೆ ಸೇರ್ಕೊಂಡ್ತಮ್ಮಾ.”

“ನಿನ್ ಥರಾನೇನಾ?”

ಎಲ್ಲಿಯ ನನ್ನ ಥರ! ನನ್ನದು ಇನ್ನೂ ತಾತ್ಕಾಲಿಕ, ಅದು ಮೊದಲ ದಿನವೇ ಖಾಯಂ. ನಾಳೆ ಆ ಕಪಾಟಿನ ಮುಂದೆ ಹಾದುಹೋಗುವಾಗ ಅದು ನನ್ನನ್ನು ನೋಡಿ ‘ನಿಂದು ಯಾವಾಗ ಖಾಯಂ?’ ಅಂತ ಕೇಳದಿದ್ದರೆ ಸಾಕು.