ಬೆಂಚಿನ ಕೆಳಗಿನ ಡಬ್ಬಿ

ಅಪ್ಪ,

ಕಣ್ಣು ಮುಚ್ಚಿದ ಮೇಲೂ ನನ್ನ ಜೀವ ತಿನ್ನುವುದನ್ನು ನೀನು ಬಿಡಲಿಲ್ಲ ನೋಡು. ಮಗುವಿಗೆ ಹಲ್ಲು ಬರುತ್ತಿದೆ, ನಾನು ನಿದ್ದೆಯ ಮುಖ ನೋಡಿ ಎಷ್ಟೋ ದಿನವಾಯಿತು. ಇವತ್ತು ಬೆಳಿಗ್ಗೆ ಪಾರ್ಕಿನ ಕಚೇರಿಯಿಂದ ಫೋನು. ಬೆಂಚಿನ ಕೆಳಗೆ ಅನುಮಾನದ ಡಬ್ಬಿಯೊಂದು ಸಿಕ್ಕಿದೆಯಂತೆ, ಅದರ ಮೇಲೆ ನನ್ನ ನಂಬರಂತೆ. ನಿನ್ನದಲ್ಲ, ನನ್ನದು! ನೀನು ಹಾಗೆ ಕಪ್ಪು ಟೇಪು ಸುತ್ತಿ ಅಂಟಿಸಿದರೆ ಯಾರಿಗೆ ತಾನೇ ಬಾಂಬ್ ಅನ್ನಿಸುವುದಿಲ್ಲ?

ಮಗುವನ್ನು ಎತ್ತಿಕೊಂಡು ಓಡಿದೆ. ಇದು ನಮ್ಮ ತಂದೆ ಇಟ್ಟ ಡಬ್ಬಿ, ಜಿಯೋಕ್ಯಾಚಿಂಗ್ ಎಂಬ ಆಟ, ಒಬ್ಬರು ಡಬ್ಬಿ ಬಚ್ಚಿಟ್ಟು ಜಾಗವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ, ಯಾರ್ಯಾರೋ ಬಂದು ಹುಡುಕುತ್ತಾರೆ ಎಂದು ಮ್ಯಾನೇಜರಿಗೆ ವಿವರಿಸಿದೆ. ತೆರೆದೂ ತೋರಿಸಿದೆ. ಒಳಗಿದ್ದ ಪ್ಲಾಸ್ಟಿಕ್ ಆನೆಯನ್ನು ಮಗು ಬಾಯಿಗೆ ಹಾಕಿಕೊಂಡಿತು. ಎಷ್ಟು ಜನ ಮುಟ್ಟಿದ್ದೋ ಏನೋ!

"ಜನ ಆಡ್ಕೊಳ್ಲಿ ಬಿಡಮ್ಮ, ಬೇಡ ಅನ್ನಲ್ಲ. ಇಡೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳ್ಬೇಕಿತ್ತಲ್ವಾ?" ಎಂದರು ಮ್ಯಾನೇಜರು.

ಅದನ್ನೇ ಅಲ್ಲವೇ ನಾನು ನಿನಗೆ ಬಡಕೊಂಡಿದ್ದು? "ಕೇಳಿದ್ರೆ ಬೇಡ ಅಂತಾರೆ ಕಣೇ" ಎಂದು ನೀನು ನಗುತ್ತಿದ್ದೆ. ಅವರು ಬೇಡ ಅನ್ನಲೇ ಇಲ್ಲ.

"ಬಚ್ಚಿಟ್ಟೋರೇ ಬಂದು ಕೇಳ್ಲಿ, ಅನುಮತಿ ಕೊಡ್ತೀನಿ. ಈ ವಾರ ಬರ್ಲಿಲ್ಲಾಂದ್ರೆ ಕಸಕ್ಕೆ ಹಾಕಿಸ್ತೀನಿ ಅಷ್ಟೆ. ನಿಮ್ಮ ತಂದೆಯವ್ರಿಗೆ ಹೇಳಿ."

ಅವರಿಲ್ಲ ಸಾರ್, ಇನ್ನು ನಾನೇ ನೋಡಿಕೊಳ್ಳುತ್ತೇನೆ ಅನ್ನಬೇಕಿತ್ತು. "ಹೇಳ್ತೀನಿ" ಎಂದು ಬಂದುಬಿಟ್ಟೆ.

ಅದಕ್ಕೇ ಹೇಳುತ್ತಿದ್ದೇನೆ. ಬಂದು ಒಂದು ಮಾತು ಕೇಳಿ ಹೋಗು ಅಪ್ಪ.