ಬೇರೆ ಇದ್ದವಳು ಬಿಟ್ಟವಳಲ್ಲ, ತಹಶೀಲ್ದಾರರೇ

ಮಾನ್ಯ ತಹಶೀಲ್ದಾರರೇ,

ನನ್ನ ಗಂಡ ತೀರಿಕೊಂಡ ಮೇಲೆ ನಿಮ್ಮ ಕಚೇರಿ ನನಗೆ ವಿಚ್ಛೇದನ ಕೊಟ್ಟಿದೆ. ನ್ಯಾಯಾಲಯ ಕೊಡದೆ ಇದ್ದದ್ದನ್ನು, ನನ್ನ ಗಂಡ ಕೇಳದೆ ಇದ್ದದ್ದನ್ನು, ನಾನು ಬೇಡವೆಂದದ್ದನ್ನು ನೀವು ಅರ್ಜಿಯಿಲ್ಲದೆ, ವಿಚಾರಣೆಯಿಲ್ಲದೆ ದಯಪಾಲಿಸಿದ್ದೀರಿ. ಒಂದು ಆದಾಯ ಪ್ರಮಾಣಪತ್ರಕ್ಕೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎನ್ನುವ ಕಚೇರಿ ಇಷ್ಟೊಂದು ಚುರುಕಾದದ್ದನ್ನು ನಾಲ್ಕು ಜನರ ಎದುರು ಅಭಿನಂದಿಸದೆ ಇದ್ದರೆ ತಪ್ಪಾದೀತು ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯವರು ಓದಿ, ಇದು ಪಕ್ಕದ ತಾಲ್ಲೂಕಿನ ಸಂಗತಿ ಎಂದು ನೆಮ್ಮದಿಯಾಗಿರಲಿ.

ನಾನು ಹೊಳಲಿನ ಕೆಂಪಸಿದ್ದಯ್ಯನವರ ಮಗಳು. ಮದ್ದೂರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಶಿಕ್ಷಕಿ. ನನ್ನ ಗಂಡ ಮಹದೇವು ನಿಮ್ಮ ತಾಲ್ಲೂಕಿನವನು. ಪಂಪ್‌ಸೆಟ್ಟು ಕೆಟ್ಟರೆ ಸುತ್ತಲ ಊರಿನವರೆಲ್ಲ ಅವನಿಗೇ ಫೋನು ಮಾಡುತ್ತಿದ್ದರು. ಬುದ್ಧನ ಪಟದ ಮುಂದೆ ಮದುವೆಯಾದೆವು. ಅವನ ಕೈಯಲ್ಲಿ ಕಸುಬಿತ್ತು, ಮಾತಿನಲ್ಲಿ ತಮಾಷೆಯಿತ್ತು, ಕುಡಿತವಿರಲಿಲ್ಲ. ಇದ್ದದ್ದು ಅನುಮಾನ. ನಾನು ಬಸ್ಸು ತಪ್ಪಿಸಿಕೊಂಡರೆ ಅನುಮಾನ, ಸಿಕ್ಕ ಬಸ್ಸಿನಲ್ಲಿ ಬೇಗ ಬಂದರೂ ಅನುಮಾನ. ಮೊದಮೊದಲು ಅದನ್ನು ಪ್ರೀತಿ ಎಂದುಕೊಂಡೆ. ಓದಿದವರೂ ಹಾಗೆ ಅಂದುಕೊಳ್ಳುತ್ತೇವೆ. ಆಮೇಲೆ ರಜೆಯ ದಿನಗಳಲ್ಲಿ ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದ. ಒಂದು ಮಧ್ಯಾಹ್ನ ಶಾಲೆಗೇ ಬಂದು, ನನ್ನ ಚೀಲದಿಂದ ಫೋನು ಕಿತ್ತುಕೊಂಡು, ಒಂಬತ್ತನೇ ತರಗತಿಯ ಮಕ್ಕಳು ನೋಡುತ್ತಿರುವಂತೆ ಕೆನ್ನೆಗೆ ಹೊಡೆದ. ಆ ಸಂಜೆ ನಾನು ಅವನ ಮನೆಗೆ ಹೋಗಲಿಲ್ಲ. ಹೊಳಲಿಗೆ ಹೋದೆ.

ವಕೀಲರು ವಿಚ್ಛೇದನಕ್ಕೇ ಹಾಕೋಣ ಎಂದರು. ನನಗೆ ಮನಸ್ಸು ಬರಲಿಲ್ಲ. ಅವನ ಕೈಗೆ ಸಿಗದಷ್ಟು ದೂರ ಬೇಕಿತ್ತು, ಅವನು ನನಗೆ ಯಾರೂ ಅಲ್ಲ ಎನ್ನುವಷ್ಟು ದೂರ ಬೇಕಿರಲಿಲ್ಲ. ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಕೂತಿದ್ದಾಗ ನನ್ನ ಅಪ್ಪ ವಕೀಲರನ್ನೇ ಕೇಳಿದರು: “ಜೊತೇಲಿರ್ಬ್ಯಾಡ ಅನ್ನಕೆ ಒಂದು ಕಾನೂನು, ಎಡ್ತಿನೇ ಅಲ್ಲ ಅನ್ನಕೆ ಇನ್ನೊಂದು ಕಾನೂನು, ಅಂಗೇನಾರ ಅದ್ಯಾ ಸಾರ್?”

ಇತ್ತು. ಅದರ ಹೆಸರು ನ್ಯಾಯಿಕ ಪ್ರತ್ಯೇಕತೆ. ನಿಮ್ಮ ಸಿಬ್ಬಂದಿಗೆ ಬಿಡುವು ಕಡಿಮೆ ಎಂದು ಗೊತ್ತು, ಆದ್ದರಿಂದ ಹತ್ತನೇ ತರಗತಿಗೆ ಹೇಳಿದ ಹಾಗೆ ಹೇಳುತ್ತೇನೆ. ವಿಚ್ಛೇದನವಾದರೆ ಮದುವೆ ಮುಗಿಯುತ್ತದೆ. ಇಬ್ಬರೂ ಬೇರೆ ಮದುವೆಯಾಗಬಹುದು, ಒಬ್ಬರಿಗೊಬ್ಬರು ವಾರಸುದಾರರಲ್ಲ. ನ್ಯಾಯಿಕ ಪ್ರತ್ಯೇಕತೆಯಲ್ಲಿ ಒಟ್ಟಿಗೆ ಬಾಳಬೇಕೆಂಬ ಕಟ್ಟುಪಾಡು ಮಾತ್ರ ಹೋಗುತ್ತದೆ; ಮದುವೆ ಹಾಗೇ ಇರುತ್ತದೆ. ಇಬ್ಬರೂ ಬೇರೆ ಮದುವೆಯಾಗುವಂತಿಲ್ಲ. ಮನಸ್ಸು ಕೂಡಿದರೆ ಆದೇಶ ರದ್ದು ಮಾಡಿ ಎಂದು ನ್ಯಾಯಾಲಯವನ್ನು ಕೇಳಬಹುದು. ವರ್ಷ ಕಳೆದರೂ ಕೂಡದಿದ್ದರೆ ಇಬ್ಬರಲ್ಲಿ ಯಾರಾದರೂ ಅದೇ ಕಾರಣ ಹೇಳಿ ವಿಚ್ಛೇದನ ಕೇಳಬಹುದು. ಕೇಳಬಹುದು ಎಂದೆ, ಮಾನ್ಯರೇ. ಕೇಳದೆ ಅದು ತಾನಾಗಿ ಆಗುವುದಿಲ್ಲ, ಹಾಲು ಹೆಪ್ಪಿಲ್ಲದೆ ಮೊಸರಾಗದ ಹಾಗೆ. ಮಂಡ್ಯದ ನ್ಯಾಯಾಧೀಶರು ನನಗೆ ಕೊಟ್ಟದ್ದು ಈ ಪ್ರತ್ಯೇಕತೆಯನ್ನು. ವಿಚ್ಛೇದನ ನಾವಿಬ್ಬರೂ ಕೇಳಲಿಲ್ಲ.

ಇದೆಲ್ಲ ನಿಮ್ಮ ಕಚೇರಿಗೆ ಗೊತ್ತಿಲ್ಲ ಎಂದರೆ ಅಪಚಾರವಾದೀತು. ಚೆನ್ನಾಗಿಯೇ ಗೊತ್ತಿತ್ತು. ಆದೇಶವಾದ ಹೊಸತರಲ್ಲಿ, ಗಂಡನ ರೇಷನ್ ಕಾರ್ಡಿನಿಂದ ಹೆಸರು ತೆಗೆದು ಬೇರೆ ಕಾರ್ಡು ಕೊಡಿ ಎಂದು ನಿಮ್ಮ ಆಹಾರ ಶಾಖೆಗೆ ಬಂದಿದ್ದೆ. ಅಲ್ಲಿದ್ದವರು ಆದೇಶವನ್ನು ತಿರುವಿ ನೋಡಿ, ಡೈವೋರ್ಸ್ ಆಗಿಲ್ಲವಲ್ಲ, ಹಾಗಾದರೆ ನೀವು ಅವರ ಹೆಂಡತಿಯೇ, ಅಕ್ಕಿ ಬೇಕಾದರೆ ಅವರ ಜೊತೆ ಹೊಂದಿಕೊಂಡು ಹೋಗಿ ಎಂದರು. ಹೊಡೆತ ತಿಂದು ಬಂದವಳಿಗೆ ಅಕ್ಕಿಯ ಬದಲು ಉಪದೇಶ ಉಚಿತ. ಆದರೂ ಕಾನೂನಿನ ಮಟ್ಟಿಗೆ ಅವರ ಮಾತಿನ ಅರ್ಧ ಸರಿಯಾಗಿತ್ತು: ನಾನು ಹೆಂಡತಿಯೇ. ಆ ಅರ್ಧವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೊದಲೊಂದಷ್ಟು ತಿಂಗಳು ಮಹದೇವು ನನ್ನ ಹೆಸರೆತ್ತಿದರೆ ಉರಿದು ಬೀಳುತ್ತಿದ್ದನಂತೆ. ಪಕ್ಕದಲ್ಲೇ ಅಣ್ಣನ ಮನೆಯಲ್ಲಿದ್ದ ಅವನ ತಾಯಿ ಮರಿತಾಯಮ್ಮ ಅವನ ಜೊತೆ ಮಾತು ಬಿಟ್ಟರು. ಊಟಕ್ಕೆ ಬಂದರೆ ತಟ್ಟೆ ಸರಿಸುವುದು, ಅಷ್ಟೆ. ಅದು ಅವನಿಗೆ ತಟ್ಟಿತೋ ಅಥವಾ ಖಾಲಿ ಮನೆಗೆ ಬೀಗ ಹಾಕಲು ಅವನಿಗೇ ನಾಚಿಕೆಯಾಯಿತೋ ತಿಳಿಯದು. ಮೈಸೂರಿನ ಮನೋತಜ್ಞರೊಬ್ಬರ ಹತ್ತಿರ ಹೋಗತೊಡಗಿದ; ಗಂಡಸರು ಇದನ್ನು ಊರಿಗೆ ಹೇಳುವುದಿಲ್ಲ, ಅವನು ಹೇಳಿಕೊಂಡ. ಆಮೇಲೊಂದು ಭಾನುವಾರ ನನ್ನ ಅಪ್ಪನ ಅನುಮತಿ ಪಡೆದು ಮದ್ದೂರು ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಬಂದ. ಜನ ಓಡಾಡುವ ಜಾಗ, ನಾನೇ ಆರಿಸಿದ್ದು. ಇಬ್ಬರೂ ಕಾಫಿ ಕುಡಿದು ಎದ್ದೆವು. ಮತ್ತೆ ಬಂದ. ಒಂದೇ ಮನೆಯಲ್ಲಿದ್ದಾಗ ಆಡದಷ್ಟು ಮಾತನ್ನು ನಾವು ಆ ಹೋಟೆಲಿನಲ್ಲಿ ಆಡಿದೆವು. ನನ್ನ ಫೋನು ಮೇಜಿನ ಮೇಲೆ ಬಡಿದುಕೊಂಡರೂ ಅವನ ಕಣ್ಣು ಅತ್ತ ಹೋಗದಿರಲು ಅವನು ಪಡುತ್ತಿದ್ದ ಪಾಡು ನನಗೆ ಕಾಣುತ್ತಿತ್ತು.

“ಮನೀಗೆ ಬಾ ಅಂತ ಕರೆಯಕಿಲ್ಲ ಕಣಮ್ಮಿ,” ಎಂದ ಕೊನೆಯ ಭಾನುವಾರ. “ನಿಂಗೆ ನನ್ ಮ್ಯಾಲೆ ಭಯ ಓಗ್ಲಿ. ಅಲ್ಲಿಗಂಟ ಇಂಗೇ ಬತ್ತೀನಿ.”

ಭಯ ಅರ್ಧ ಹೋಗಿದೆ ಎಂದು ಮುಂದಿನ ವಾರ ಹೇಳೋಣ ಎಂದುಕೊಂಡಿದ್ದೆ. ಅದರ ನಡುವೆ ಒಂದು ಮುಸ್ಸಂಜೆ, ಹಿಂದೀಪವಿಲ್ಲದೆ ರಸ್ತೆಬದಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಅವನ ಬೈಕು ಗುದ್ದಿತು. ಮಂಡ್ಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಹೆಂಡತಿಯ ಒಪ್ಪಿಗೆ ಬೇಕೆಂದರು. ನಾನು ಹೆಂಡತಿ ಎಂದು ಸಹಿ ಹಾಕಿದೆ. ಯಾರೂ ಕೇಳಲಿಲ್ಲ, ನೀವು ಯಾವ ಥರದ ಹೆಂಡತಿ ಎಂದು. ಬೆಳಗಾಗುವ ಹೊತ್ತಿಗೆ ಅವನು ಉಳಿಯಲಿಲ್ಲ.

ಇಲ್ಲಿಂದ ಮುಂದೆ ನಿಮ್ಮ ಕಚೇರಿಯ ಸಾಧನೆ. ನಮಗೆ ಮಕ್ಕಳಿರಲಿಲ್ಲ. ಅವನ ಹೆಸರಿನಲ್ಲಿದ್ದ ಗದ್ದೆಯನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಲು ವಂಶವೃಕ್ಷ ಬೇಕಾಯಿತು. ಅವನ ಅಣ್ಣ ತಿಮ್ಮಯ್ಯ, ‘ಅವ್ಳು ಕೋರ್ಟಲ್ಲಿ ಬುಟ್ಟೋದೋಳು’ ಎಂದು ನಿಮ್ಮ ಗ್ರಾಮ ಆಡಳಿತಾಧಿಕಾರಿಗೆ ಹೇಳಿದರು. ಅವರು ನನ್ನನ್ನು ಕೇಳಲಿಲ್ಲ, ನ್ಯಾಯಾಲಯದ ಆದೇಶ ನೋಡಲಿಲ್ಲ. ನನ್ನ ಹೆಸರಿನ ಮುಂದೆ ‘ವಿಚ್ಛೇದಿತೆ’ ಎಂದು ಬರೆದು, ತಾಯಿಯೊಬ್ಬರೇ ವಾರಸುದಾರರೆಂದು ವರದಿ ಕೊಟ್ಟರು. ನೀವು ಒಪ್ಪಿದಿರಿ. ಇನ್ನು ಆ ತಾಯಿಯಿಂದ ದೊಡ್ಡ ಮಗನಿಗೆ ದಾನಪತ್ರ ಮಾಡಿಸುವುದೊಂದೇ ಬಾಕಿ.

ನಾನು ಆದೇಶ ಹಿಡಿದು ನಿಮ್ಮ ಮುಂದೆ ನಿಂತೆ. ನೀವು ತಲೆಯೆತ್ತದೆ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ಎರಡೂ ಒಂದೇ ಅಲ್ವೇನ್ರೀ ಮೇಡಂ? ಕೋರ್ಟು ಮೆಟ್ಟಿಲು ಹತ್ತಿದ ಮೇಲೆ ಇನ್ನೆಂಥಾ ಹೆಂಡ್ತಿ?”

ಹಾಗಾದರೆ ಒಂದು ಸಂದೇಹ. ಗಂಡ ಬದುಕಿದ್ದಾಗ ಅಕ್ಕಿ ಕೇಳಿದರೆ ನಾನು ಹೆಂಡತಿ. ಅವನು ಸತ್ತ ಮೇಲೆ ಗದ್ದೆಯ ಮಾತು ಬಂದರೆ ಹೆಂಡತಿಯಲ್ಲ. ಒಂದೇ ಆದೇಶ, ಒಂದೇ ಕಟ್ಟಡ. ಕೆಳಗಿನ ಮಹಡಿಯಲ್ಲಿ ಇದ್ದ ಮದುವೆ ಮೇಲಿನ ಮಹಡಿಗೆ ಬರುವಷ್ಟರಲ್ಲಿ ಎಲ್ಲಿ ಬಿದ್ದುಹೋಯಿತು? ಈ ಮಧ್ಯೆ ನಾನು ಇನ್ನೊಂದು ಮದುವೆ ಮಾಡಿಕೊಂಡಿದ್ದರೆ, ‘ಎರಡೂ ಒಂದೇ’ ಎಂದು ನೀವು ಬಂದು ನನ್ನ ಪರ ಸಾಕ್ಷಿ ಹೇಳುತ್ತಿದ್ದಿರಾ?

ಆ ದಿನ ನನ್ನ ಜೊತೆ ಬಂದಿದ್ದವರು ಮರಿತಾಯಮ್ಮ. ಹೊರಡುವಾಗ ದೊಡ್ಡ ಮಗ ಗದರಿಸಿದ್ದರೂ ಬಂದಿದ್ದರು. ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಮೊದಲೇ ಹೇಳಿಯಾಗಿತ್ತು. ನಿಮ್ಮ ಮೇಜಿನ ಅಂಚು ಹಿಡಿದುಕೊಂಡು ಅವರು ಹೇಳಿದ್ದನ್ನು ನೀವು ಕೇಳಿಸಿಕೊಂಡಿರೋ ಇಲ್ಲವೋ, ಫೋನಿನಲ್ಲಿದ್ದಿರಿ. ಆದ್ದರಿಂದ ಇಲ್ಲಿ ಬರೆಯುತ್ತೇನೆ.

“ಸ್ವಾಮಿ, ನನ್ ಮಗ ಒಡ್ದ, ಅದ್ಕೆ ಇವ್ಳು ದೂರ ಇದ್ಲು. ತಪ್ಪು ನಮ್ದು. ಅಂಗಂತ ಇವ್ಳು ಅವ್ನ ಎಡ್ತಿ ಅಲ್ಲ ಅನ್ನಕೆ ನೀವ್ಯಾರು? ಎತ್ತೋಳು ನಾನೇ ಅನ್ನಕಿಲ್ಲ.”

ಅಲ್ಲಿಂದ ಅವರು ಊರಿಗೆ ಹೋಗಲಿಲ್ಲ. ನನ್ನ ಜೊತೆ ಮದ್ದೂರಿಗೆ ಬಸ್ಸು ಹತ್ತಿದರು. ಈಗ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಮಗನ ಮಾತು ಬಂದರೆ ಒಮ್ಮೆ ಬೈಯುತ್ತಾರೆ, ಒಮ್ಮೆ ಅಳುತ್ತಾರೆ. ನಾನೂ ಅದನ್ನೇ ಮಾಡುತ್ತೇನೆ, ಹೆಚ್ಚಾಗಿ ಒಟ್ಟಿಗೆ. ತಿಮ್ಮಯ್ಯನವರು ಗದ್ದೆ ಉಳುತ್ತಿದ್ದಾರೆ. ನಮ್ಮ ಮೇಲ್ಮನವಿ ಉಪವಿಭಾಗಾಧಿಕಾರಿಗಳ ಮುಂದಿದೆ, ಅಲ್ಲಿಯೂ ನಿಮ್ಮ ವರದಿಗಾಗಿ ಕಾಯುತ್ತಿದ್ದಾರಂತೆ. ಗದ್ದೆ ಇಂದಲ್ಲ ನಾಳೆ ಇತ್ಯರ್ಥವಾದೀತು. ಅದಕ್ಕಾಗಿ ನಾನು ಈ ಪತ್ರ ಬರೆಯುತ್ತಿಲ್ಲ.

ನನ್ನ ಬೇಡಿಕೆ ಚಿಕ್ಕದು. ಆ ಆದೇಶವನ್ನು ಒಮ್ಮೆ ಪೂರ್ತಿ ಓದಿ. ಅರ್ಥವಾಗದಿದ್ದರೆ ಭಾನುವಾರ ಬಿಡುವಿರುತ್ತದೆ, ಬಂದು ಪಾಠ ಮಾಡುತ್ತೇನೆ. ನಿಮ್ಮ ಗ್ರಾಮ ಆಡಳಿತಾಧಿಕಾರಿಗಳಿಗೂ ಓದಿಸಿ, ನನ್ನಂಥ ಇನ್ನೊಬ್ಬಳು ನಾಳೆ ನಿಮ್ಮ ಬಾಗಿಲಿಗೆ ಬರುತ್ತಾಳೆ. ಆಮೇಲೆ ನನ್ನ ಹೆಸರಿನ ಮುಂದಿರುವ ‘ವಿಚ್ಛೇದಿತೆ’ ಎಂಬ ಪದವನ್ನು ಹೊಡೆದುಹಾಕಿ, ‘ವಿಧವೆ’ ಎಂದು ಬರೆಯಿರಿ. ಯಾವ ಹೆಣ್ಣೂ ತನಗೆ ಬೇಡವೆನ್ನುವ ಪದವನ್ನು ನಾನು ಕಚೇರಿ ಅಲೆದು, ಸರದಿಯಲ್ಲಿ ನಿಂತು, ಈಗ ಪತ್ರಿಕೆಯಲ್ಲಿ ಬರೆದು ಕೇಳುತ್ತಿದ್ದೇನೆ. ಅವನಿಗಾಗಿ ಅಳುವ ಹಕ್ಕನ್ನು ಕಾನೂನು ನನ್ನಿಂದ ಕಿತ್ತುಕೊಂಡಿಲ್ಲ. ನೀವು ಕಿತ್ತುಕೊಳ್ಳಬೇಡಿ.

ಇಂತಿ,
ತಮ್ಮ ಕಡತದಲ್ಲಿ ಸದ್ಯಕ್ಕೆ ಯಾರಿಗೂ ಏನೂ ಆಗದ,
ಶಶಿರೇಖಾ
ಮಹದೇವುವಿನ ಹೆಂಡತಿ, ಮದ್ದೂರು